ಬೆನ್ನ ಹಿಂದಿನ ಕಿಟಕಿ

ಸ್ಲೀಪರ್ ಕ್ಯಾಬಿನ್ ಇರುವ ಲಾರಿಗೆ ಮುಂದೆ ಒಂದು ದೊಡ್ಡ ಗಾಜು, ಎಡಕ್ಕೊಂದು ಬಲಕ್ಕೊಂದು ಕಿಟಕಿ. ಚಾಲಕ ಮಲಗುವ ಹಲಗೆ ಇರುವುದು ಸೀಟಿನ ಹಿಂದೆ. ಮಲಗಿದಾಗ ಅವನ ಬೆನ್ನಿಗೆ ತಾಗುವ ಹಿಂಗೋಡೆಯಲ್ಲಿ ಹಲವು ಲಾರಿಗಳಿಗೆ ಕಿಂಡಿಯೇ ಇಲ್ಲ. ಹೊರಗೆ ತಗಡು, ಒಳಗೆ ರೆಕ್ಸಿನ್, ಅಷ್ಟೇ. ಏಪ್ರಿಲ್ ಬಿಸಿಲಿನಲ್ಲಿ ಆ ತಗಡಿಗೆ ಒಮ್ಮೆ ಅಂಗೈ ಇಟ್ಟವರು, ಚಾಲಕರು ಹಾಸಿಗೆ ಬಿಟ್ಟು ಲಾರಿಯ ಅಡಿಯಲ್ಲಿ ಚಾಪೆ ಹಾಸಿಕೊಂಡು ಯಾಕೆ ಮಲಗುತ್ತಾರೆ ಎಂದು ಇನ್ನೊಮ್ಮೆ ಕೇಳುವುದಿಲ್ಲ.

ಆ ಗೋಡೆಯನ್ನು ಕೊಯ್ದು ಕಿಟಕಿ ಕೂರಿಸುವ ಕೆಲಸ ಲಾರಿ ಜಗತ್ತಿನಲ್ಲಿ ಸದ್ದಿಲ್ಲದೆ ನಡೆಯುತ್ತದೆ. ಕಂಪನಿ ಕೊಡದೆ ಹೋದದ್ದನ್ನು ಶೆಡ್ಡಿನಲ್ಲಿ ಮಾಡಿಸಿಕೊಳ್ಳುವುದು. ಮಾಡಿಸುವವರು ಹೆಚ್ಚಾಗಿ ತಾವೇ ಮಾಲೀಕರೂ ತಾವೇ ಚಾಲಕರೂ ಆದವರು. ಸಂಬಳದ ಚಾಲಕನಿಗೆ ಪರರ ಲಾರಿಯ ತಗಡು ಕೊಯ್ಯುವ ಅಧಿಕಾರವಿಲ್ಲ. ಹತ್ತು ಲಾರಿಯ ಧಣಿ ಆ ಹಲಗೆಯ ಮೇಲೆ ಮಲಗಿದವನಲ್ಲ.

ಈ ಕೆಲಸ ನೋಡಬೇಕಾದರೆ ಗೊಟ್ಟಿಗೆರೆಯಂಥ ಊರಂಚಿಗೆ ಬರಬೇಕು. ಹುಳಿಮಾವಿನ ಮೀನಾಕ್ಷಿ ದೇವಸ್ಥಾನ ದಾಟಿ ಬನ್ನೇರುಘಟ್ಟ ರಸ್ತೆಯಲ್ಲಿ ಮುಂದೆ ಬಂದರೆ ನೈಸ್ ರಸ್ತೆ ಅಡ್ಡ ಸಿಗುತ್ತದೆ. ಹೊಸೂರು ಕಡೆಯಿಂದ ತುಮಕೂರು ರಸ್ತೆಗೆ ಹೋಗುವ ಲಾರಿಗಳು ನಗರದ ಒಳಗೆ ನುಗ್ಗದೆ ಎಲೆಕ್ಟ್ರಾನಿಕ್ ಸಿಟಿಯ ಬಳಿ ಈ ರಸ್ತೆ ಹಿಡಿದು ಊರನ್ನು ಬಳಸಿ ಹೋಗುತ್ತವೆ. ಜಿಗಣಿಯ ಗ್ರಾನೈಟ್ ಹೊತ್ತವು ಬನ್ನೇರುಘಟ್ಟದ ಮೇಲೆ ಬಂದು ಇಲ್ಲಿ ಹತ್ತಿಕೊಳ್ಳುತ್ತವೆ. ಹಗಲಲ್ಲಿ ಭಾರಿ ಸರಕು ವಾಹನಗಳಿಗೆ ನಗರದ ಒಳರಸ್ತೆಗಳಲ್ಲಿ ನಿರ್ಬಂಧವಿರುವುದರಿಂದ ಬನಶಂಕರಿಗೋ ಜೆ.ಪಿ. ನಗರಕ್ಕೋ ಸರಕು ಇಳಿಸಬೇಕಾದವು ರಾತ್ರಿಯಾಗುವ ತನಕ ಅಂಚಿನಲ್ಲೇ ನಿಲ್ಲುತ್ತವೆ. ನಿಂತ ಲಾರಿಯ ಸುತ್ತ ಒಂದು ಲೋಕವೇ ಹುಟ್ಟಿಕೊಳ್ಳುತ್ತದೆ: ಪಂಕ್ಚರ್ ಅಂಗಡಿ, ಗ್ರೀಸ್ ಹೊಡೆಯುವವರು, ಪಟ್ಟಾ ಕಟ್ಟುವವರು, ಟಿಂಕರಿಂಗ್ ಶೆಡ್ಡು, ಗಾಜಿನ ಅಂಗಡಿ, ಟೀ. ಒಂದು ಪಕ್ಕದಲ್ಲಿ ಅಪಾರ್ಟ್‌ಮೆಂಟುಗಳು ಎದ್ದಿವೆ. ಮೆಟ್ರೊದ ಗುಲಾಬಿ ಮಾರ್ಗ ಕಾಳೇನ ಅಗ್ರಹಾರಕ್ಕೇ ಬಂದು ನಿಂತಿದೆ. ಶೆಡ್ಡುಗಳು ವರ್ಷದಿಂದ ವರ್ಷಕ್ಕೆ ಇನ್ನಷ್ಟು ಹೊರಗೆ, ಬನ್ನೇರುಘಟ್ಟ, ಜಿಗಣಿ ದಿಕ್ಕಿಗೆ ಸರಿಯುತ್ತಿವೆ. ಇನ್ನು ಕೆಲವು ವರ್ಷ ಬಿಟ್ಟು ಇದೇ ಲೇಖನ ಬರೆಯುವವರು ಆನೇಕಲ್ಲಿಗೆ ಹೋಗಬೇಕಾದೀತು.

ಹಿಂದಿನ ಕಿಟಕಿ ಲಾರಿಗೆ ಹೊಸದೇನೂ ಅಲ್ಲ. ಇದ್ದದ್ದು ಹೋಯಿತು, ಈಗ ಮತ್ತೆ ಬೇಡಿಕೆ ಬಂದಿದೆ.

1954ರಲ್ಲಿ ಜಮ್ಶೆಡ್‌ಪುರದಲ್ಲಿ ಟೆಲ್ಕೊ ಕಂಪನಿ ಬೆಂಜ್ ಜೊತೆಗೂಡಿ ಲಾರಿ ಮಾಡಲು ಶುರುಮಾಡಿದ ಕಾಲದಿಂದ ಇತ್ತೀಚಿನವರೆಗೂ ನಮ್ಮಲ್ಲಿ ಬಹುಪಾಲು ಲಾರಿ ಪೂರ್ತಿಯಾಗಿ ಕಾರ್ಖಾನೆಯಲ್ಲಿ ಹುಟ್ಟುತ್ತಿರಲಿಲ್ಲ. ಕಂಪನಿ ಕೊಡುತ್ತಿದ್ದುದು ಚಾಸಿ, ಇಂಜಿನ್ನು, ಮುಂದಿನ ಮೂತಿ. ಅಶೋಕ್ ಲೇಲ್ಯಾಂಡ್ 1980ರಲ್ಲಿ ಹೊಸೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಹೊಸೂರು ರಸ್ತೆಯಲ್ಲಿ ಓಡಾಡಿದವರಿಗೆ ಆ ನೋಟ ನೆನಪಿರುತ್ತದೆ: ಬೋಳು ಚಾಸಿ, ಅದರ ಮೇಲೊಂದು ತಾತ್ಕಾಲಿಕ ಸೀಟು, ಮುಖಕ್ಕೆ ಟವೆಲ್ಲು ಸುತ್ತಿಕೊಂಡು ಗಾಳಿ ಮಳೆಗೆ ಎದೆಯೊಡ್ಡಿ ನೂರಾರು ಮೈಲಿ ಓಡಿಸುವ ಚಾಲಕ. ಆ ಚಾಸಿ ಹೋಗಿ ನಿಲ್ಲುತ್ತಿದ್ದುದು ಬಾಡಿ ಕಟ್ಟುವವರ ಅಂಗಳದಲ್ಲಿ. ನಾಮಕ್ಕಲ್ ಈ ಕೆಲಸಕ್ಕೆ ದಕ್ಷಿಣದಲ್ಲೆಲ್ಲ ಹೆಸರಾಯಿತು, ಅದರ ಪಕ್ಕದ ತಿರುಚೆಂಗೋಡು ಬೋರ್‌ವೆಲ್ ಲಾರಿಗಳಿಗೆ. ನಮ್ಮ ಊರುಗಳಲ್ಲೂ ಬಡಗಿ, ಕಮ್ಮಾರ, ಪೇಂಟರ್ ಸೇರಿ ಕ್ಯಾಬಿನ್ ಕಟ್ಟುತ್ತಿದ್ದರು. ಮರದ ಚೌಕಟ್ಟು, ಮೇಲೆ ತಗಡು. ಅದರ ಹಿಂಗೋಡೆಯಲ್ಲಿ ಒಂದು ಕಿಂಡಿ ಇದ್ದೇ ಇರುತ್ತಿತ್ತು, ಅದಕ್ಕೆ ಕಬ್ಬಿಣದ ಸರಳು. ಕ್ಲೀನರ್ ಹುಡುಗ ಅಲ್ಲಿ ಮುಖವಿಟ್ಟು ಲೋಡು ನೋಡುತ್ತಿದ್ದ, ಹಗ್ಗ ಸಡಿಲಾಗಿದ್ದರೆ ಕೂಗಿ ಹೇಳುತ್ತಿದ್ದ. ಲಾರಿ ಹಿಂದಕ್ಕೆ ತೆಗೆಯುವಾಗ ಕೆಳಗಿಳಿದು ‘ಬರ್ಲಿ, ಬರ್ಲಿ, ಹೋಲ್ಡಾನ್’ ಎಂದು ಬಾಡಿ ತಟ್ಟುತ್ತಿದ್ದವನೂ ಅವನೇ.

ಕ್ಯಾಬಿನ್ ಕಾರ್ಖಾನೆಯಲ್ಲೇ ಹುಟ್ಟತೊಡಗಿದ ಮೇಲೆ ಹಲವು ಲಾರಿಗಳಲ್ಲಿ ಆ ಕಿಂಡಿ ಹೋಯಿತು. ಮಲಗುವ ಹಲಗೆಯನ್ನು ತಂದದ್ದು ಕಾನೂನು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 90ನೇ ನಿಯಮ, ನ್ಯಾಷನಲ್ ಪರ್ಮಿಟ್ಟಿನ ಭಾರಿ ಲಾರಿಗೆ ಕನಿಷ್ಠ ಇಬ್ಬರು ಚಾಲಕರಿರಬೇಕು, ಚಾಲಕನ ಸೀಟಿನ ಹಿಂದೆ ಕ್ಯಾಬಿನ್ನಿನ ಅಗಲಕ್ಕೂ ಒಂದು ಸೀಟಿದ್ದು ಇನ್ನೊಬ್ಬ ಚಾಲಕ ಕಾಲು ಚಾಚಿ ಮಲಗುವಂತಿರಬೇಕು ಎಂದಿತು. ಹಲಗೆಯ ಉದ್ದ ಹೇಳಿದ ನಿಯಮ ಗಾಳಿಯ ಮಾತೆತ್ತಲಿಲ್ಲ. ಅಮೆರಿಕದ ನಿಯಮದಲ್ಲಿ ಮಲಗುವ ಜಾಗ 75 ಇಂಚು ಉದ್ದ, 24 ಇಂಚು ಅಗಲ ಇರಬೇಕೆಂಬುದರ ಜೊತೆಗೆ ಸಾಕಷ್ಟು ಗಾಳಿಯಾಡಬೇಕು, ಒಳಗೆ ದೂಳು ಮಳೆ ಬರಬಾರದು ಎಂದೂ ಬರೆದಿದ್ದಾರೆ. ನಮ್ಮಲ್ಲಿ 2018ರ ತಿದ್ದುಪಡಿಯಿಂದ ಇಬ್ಬರು ಚಾಲಕರ ಕಡ್ಡಾಯವೂ ಹೋಯಿತು. ಕ್ಲೀನರ್ ಅದಕ್ಕೂ ಮೊದಲೇ ಕಣ್ಮರೆಯಾಗುತ್ತ ಬಂದಿದ್ದ. ಈಗ ಎಷ್ಟೋ ಲಾರಿಗಳಲ್ಲಿ ಇರುವುದು ಒಬ್ಬನೇ. ಅವನೇ ಓಡಿಸಬೇಕು, ಅವನೇ ಕಾಯಬೇಕು, ಅವನೇ ನಿದ್ದೆಯನ್ನೂ ಮಾಡಬೇಕು. 2020ರಲ್ಲಿ ಸೇವ್‌ಲೈಫ್ ಫೌಂಡೇಶನ್ ಬೆಂಗಳೂರೂ ಸೇರಿ ಹತ್ತು ನಗರಗಳಲ್ಲಿ ಚಾಲಕರನ್ನು ಮಾತಾಡಿಸಿದಾಗ, ದಿನಕ್ಕೆ ಸರಾಸರಿ 12 ಗಂಟೆ ಓಡಿಸುತ್ತೇವೆ ಎಂಬ ಉತ್ತರ ಬಂತು; ಅರ್ಧದಷ್ಟು ಮಂದಿ ದಣಿವಾದರೂ ನಿದ್ದೆ ಬಂದರೂ ಓಡಿಸುತ್ತೇವೆ ಎಂದರು. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ ಎಂದು ಹೇಳಿದ್ದು 1961ರಲ್ಲಿ.

ಸಮಾಧಾನಕ್ಕೆ ಏಸಿ ಬಂದಿದೆ. ನಮ್ಮ ಹೊಸಕೋಟೆಯಲ್ಲಿ 1998ರಲ್ಲಿ ವೋಲ್ವೊ ಕಾರ್ಖಾನೆ ಶುರುವಾದಾಗ ಲಾರಿಯೊಳಗೆ ಏಸಿ ಎಂದರೆ ಜನ ನಕ್ಕಿದ್ದರು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಸರಕು ವಾಹನಗಳ ಕ್ಯಾಬಿನ್ನಿಗೆ ಏಸಿ ಕಡ್ಡಾಯ ಎಂದು ಕೇಂದ್ರ ಸಾರಿಗೆ ಸಚಿವಾಲಯ 2023ರ ಡಿಸೆಂಬರ್‌ನಲ್ಲಿ ಆದೇಶಿಸಿತು. ಒಳ್ಳೆಯದೇ. ಆದರೆ ಮಾಮೂಲಿ ಏಸಿ ಓಡುವುದು ಇಂಜಿನ್ ಓಡಿದಾಗ. ರಾತ್ರಿಯಿಡೀ ಇಂಜಿನ್ ಉರಿಸಿಕೊಂಡು ಮಲಗಲು ಯಾವ ಧಣಿಯೂ ಡೀಸೆಲ್ ಕೊಡುವುದಿಲ್ಲ. ಲೀಟರಿಗೆ ಇಷ್ಟು ಕಿಲೋಮೀಟರ್ ಎಂದು ಲೆಕ್ಕ ಕಟ್ಟಿರುತ್ತಾನೆ, ಕೊರೆ ಬಿದ್ದರೆ ಚಾಲಕನ ಬಾಟಾದಲ್ಲಿ ಹಿಡಿಯುವವರೂ ಇದ್ದಾರೆ. ಹಾಗಾಗಿ ಓಡುವಾಗ ತಂಪು, ಮಲಗುವಾಗ ಸೆಕೆ. ಹಳೆಯ ಲಾರಿಗಳಿಗೆ ಅದೂ ಇಲ್ಲ. ಇನ್ನೂ ಎಷ್ಟೋ ವರ್ಷ ರಸ್ತೆಯಲ್ಲಿ ಓಡುವವು ಅವೇ.

ಗೊಟ್ಟಿಗೆರೆಯ ಒಂದು ಶೆಡ್ಡಿನಲ್ಲಿ ಈ ಕೆಲಸವನ್ನು ಪಕ್ಕದಲ್ಲಿ ನಿಂತು ನೋಡಿದೆ. ಶಿರಾ ಕಡೆಯ ಚಾಲಕ, ಲಾರಿ ಅವನದೇ, ಹಿಂದೆ ತೆರೆದ ಬಾಡಿ. ಟಿಂಕರ್ ಕೆಲಸದವನು ಅವನಿಗಿಂತ ಹಿರಿಯ. ಮೊದಲು ನಡೆದದ್ದು ವಾದ.

“ಮ್ಯಾಕ್ಕೆ ಬೇಕಣ್ಣ. ಎದ್ದು ಕುಂತ್ರೆ ಲೋಡು ಕಾಣ್ಬೇಕು.”

“ಅಲ್ಲಿ ಪಟ್ಟಿ ಐತೆ ಕಣಪ್ಪ. ಅದನ್ನ ಕುಯ್ದ್ರೆ ಗೋಡೆ ಅದುರ್ತದೆ. ಒಂದು ಗೇಣು ಕೆಳಕ್ಕೆ ಬಾ, ಆಗ ಮಾತಾಡು.”

ಪಟ್ಟಿ ಎಂದರೆ ತಗಡಿನ ಒಳಗೆ ಹಾಯ್ದಿರುವ ಉಕ್ಕಿನ ಪಕ್ಕೆಲುಬು. ಅದು ಹೊರಗಿಂದ ಕಾಣುವುದಿಲ್ಲ. ಹಿರಿಯ ಬೆರಳ ಗೆಣ್ಣಿನಿಂದ ಗೋಡೆ ತಟ್ಟುತ್ತ ಹೋದ. ಪೊಳ್ಳು ಸದ್ದು ಬಂದಲ್ಲಿ ಸುಮ್ಮನೆ ದಾಟಿದ, ಸದ್ದು ಗಟ್ಟಿಯಾದಲ್ಲೆಲ್ಲ ಸುಣ್ಣದ ಕಡ್ಡಿಯಿಂದ ಗೆರೆ ಎಳೆದ. ಆಮೇಲೆ ಒಳಗಿನ ರೆಕ್ಸಿನ್, ಅದರ ಹಿಂದಿನ ಫೋಮು, ಹಲಗೆ ಬಿಚ್ಚಿ ತನ್ನ ಗೆರೆ ಸರಿಯೇ ಎಂದು ನೋಡಿದ. ಛಾವಣಿಯ ದೀಪಕ್ಕೆ ಹೋಗುವ ವೈರಿನ ಕಟ್ಟು ಅಲ್ಲೇ ಹಾದುಹೋಗಿತ್ತು. ಅದನ್ನು ಪಕ್ಕಕ್ಕೆ ಸರಿಸಿ ಕಟ್ಟಿದ. ನೋಡದೆ ಕೊಯ್ದಿದ್ದರೆ ರಾತ್ರಿ ದೀಪ ಹೋಗುತ್ತಿತ್ತು, ಕೆಟ್ಟ ಗಳಿಗೆಯಾದರೆ ಕಿಡಿ ಹೊತ್ತಿಕೊಳ್ಳುತ್ತಿತ್ತು.

ಅಚ್ಚರಿಯೆಂದರೆ ತೂತಿಗಿಂತ ಮೊದಲು ಗಾಜು ಬಂದಿತ್ತು, ಪಕ್ಕಕ್ಕೆ ಜಾರಿಸಿ ತೆರೆಯುವಂಥದ್ದು. ಕಾರಣವಿದೆ. ಟಫನ್ ಮಾಡಿದ ಗಾಜನ್ನು ಆಮೇಲೆ ಕತ್ತರಿಸಲಾಗದು. ಒಂದು ಮೂಲೆ ಉಜ್ಜಲು ಹೋದರೂ ಪೂರ್ತಿ ಹರಳಾಗಿ ಉದುರುತ್ತದೆ. ಅದನ್ನು ಅಳತೆಗೆ ಕತ್ತರಿಸಿದ ಮೇಲೆ ಕುಲುಮೆಯಲ್ಲಿ ಕಾಯಿಸಿ ಗಾಳಿ ಹೊಡೆದು ದಿಢೀರ್ ತಣಿಸಿರುತ್ತಾರೆ. ಹೊರಮೈ ಬಿಗಿದುಕೊಂಡು, ಒಳಮೈ ಎಳೆದುಕೊಂಡು ನಿಂತಿರುವುದರಿಂದಲೇ ಅದಕ್ಕೆ ಆ ಬಲ. ಹೀಗಾಗಿ ಜಾಣರು ಗಾಜು ತರಿಸಿ, ಅದರ ಅಳತೆಗೆ ರಟ್ಟು ಕತ್ತರಿಸಿ, ರಟ್ಟಿನ ಗುರುತಿಗೆ ತಗಡು ಕೊಯ್ಯುತ್ತಾರೆ. ಮನೆ ಕಿಟಕಿಯ ಗಾಜು ತಂದು ಹಾಕುವವರೂ ಇದ್ದಾರೆ. ಅದು ಒಡೆದರೆ ಮಲಗಿದವನ ಕುತ್ತಿಗೆಯ ಮೇಲೆ ಬೀಳುವುದು ಕತ್ತಿಯ ಅಲಗು. ಗುಜರಿಯಲ್ಲಿ ಹಳೆಯ ವ್ಯಾನಿನ ಜಾರುವ ಕಿಟಕಿಯನ್ನು ಚೌಕಟ್ಟಿನ ಸಮೇತ ಕೊಳ್ಳುವುದು ಅದಕ್ಕಿಂತ ಎಷ್ಟೋ ವಾಸಿ. ಮೂಲೆಯಲ್ಲಿ ಐಎಸ್ 2553 ಎಂಬ ಮುದ್ರೆ ಇದೆಯೇ ನೋಡಿ ತರಬೇಕು, ಅಷ್ಟೇ.

ಕೊಯ್ಯುವಾಗ ಹಿರಿಯ ಒಂದು ಮೂಲೆಯನ್ನೂ ಚೂಪಾಗಿ ಬಿಡಲಿಲ್ಲ. ನಾಲ್ಕು ಮೂಲೆಗೂ ಮೊದಲು ದುಂಡನೆಯ ತೂತು ಹೊಡೆದು, ಆಮೇಲೆ ಆ ತೂತುಗಳ ನಡುವೆ ಜಿಗ್‌ಸಾ ಓಡಿಸಿದ. ಲಾರಿ ಸದಾ ಅದುರುವ ವಸ್ತು. ಚೌಕ ಮೂಲೆ ಬಿಟ್ಟರೆ ಅದುರಾಟದ ಒತ್ತಡವೆಲ್ಲ ಆ ಒಂದು ಬಿಂದುವಿಗೆ ಬಂದು ಕೂರುತ್ತದೆ, ಅಲ್ಲಿಂದ ತಗಡು ಸೀಳಲು ಶುರುವಾಗುತ್ತದೆ. ವಿಮಾನದ ಕಿಟಕಿಗಳು ದುಂಡಗಿರುವುದಕ್ಕೂ ಕಾರಣ ಇದೇ; 1954ರಲ್ಲಿ ಕಾಮೆಟ್ ವಿಮಾನಗಳು ಆಕಾಶದಲ್ಲೇ ಒಡೆದು ಬಿದ್ದ ಮೇಲೆ ನಡೆದ ತನಿಖೆ ಲೋಕಕ್ಕೆ ಈ ಪಾಠ ಕಲಿಸಿತು. ಹಿರಿಯನಿಗೆ ಕಾಮೆಟ್ ಗೊತ್ತಿಲ್ಲ. ಸೀಳಿದ ಕ್ಯಾಬಿನ್ನುಗಳು ಗೊತ್ತು. ಗ್ರೈಂಡರ್ ಯಾಕೆ ಬೇಡ ಎಂದು ಕೇಳಿದ್ದಕ್ಕೆ, ಅದರ ಕಿಡಿ ರೆಕ್ಸಿನ್ ಸುಡುತ್ತದೆ, ತಗಡಿನ ಅಂಚು ಕಾದು ಪೇಂಟ್ ಹೋಗುತ್ತದೆ, ತುಕ್ಕು ಹಿಡಿಯುವುದು ಅಲ್ಲಿಂದಲೇ ಎಂದ.

ಅಂಚಿಗೆ ಅರ ಹಾಕಿ, ಪ್ರೈಮರ್ ಬಳಿದು, ಒಣಗಿದ ಮೇಲೆ ಒಳಗಡೆಯಿಂದ ಚೌಕ ಪೈಪಿನ ಚೌಕಟ್ಟು ಕೂರಿಸಿದ. ಕಿಟಕಿಗೆಂದು ಕಳೆದುಕೊಂಡ ಬಲವನ್ನು ಗೋಡೆಗೆ ಹಿಂದಿರುಗಿಸುವುದು ಈ ಚೌಕಟ್ಟು. ಇದನ್ನು ಬಿಟ್ಟು ಬರೀ ತೂತಿಗೆ ಗಾಜು ಅಂಟಿಸಿ ಕಳಿಸುವ ಕಡೆ ಕೆಲಸ ಬೇಗ ಆಗುತ್ತದೆ, ದುಡ್ಡೂ ಕಡಿಮೆ. ಚೌಕಟ್ಟಿಗೆ ವೆಲ್ಡಿಂಗ್ ಹಿಡಿಯುವ ಮೊದಲು ಬ್ಯಾಟರಿಯ ತಂತಿ ಕಳಚಿದ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಲಾರಿಗಳಲ್ಲಿ ಇಂಜಿನ್ನಿನ ಮೆದುಳೇ ಎಲೆಕ್ಟ್ರಾನಿಕ್. ಬ್ಯಾಟರಿ ಕಳಚದೆ ವೆಲ್ಡ್ ಮಾಡಿ ಅದನ್ನು ಸುಟ್ಟರೆ ಕಿಟಕಿಯ ಖರ್ಚು ಲೆಕ್ಕಕ್ಕೇ ಬರುವುದಿಲ್ಲ.

ಕೊನೆಗೆ ಬೀಡಿಂಗ್. ಈ ರಬ್ಬರಿಗೆ ಎರಡು ಕಡೆ ಸೀಳು, ಒಂದು ತಗಡನ್ನು ಕಚ್ಚಲು, ಇನ್ನೊಂದು ಗಾಜನ್ನು ಕಚ್ಚಲು. ಮೊದಲು ಗಾಜಿಗೆ ರಬ್ಬರ್ ತೊಡಿಸಿದ. ತಗಡಿನ ಕಡೆಯ ಸೀಳಿಗೆ ಸುತ್ತಲೂ ನೈಲಾನ್ ದಾರ ತುಂಬಿ ಎರಡು ತುದಿಗಳನ್ನು ಕೆಳಗೆ ಇಳಿಬಿಟ್ಟ. ಸೋಪಿನ ನೀರು ಸವರಿ, ಹೊರಗಿನಿಂದ ಹುಡುಗನೊಬ್ಬ ಗಾಜನ್ನು ಎರಡೂ ಅಂಗೈಯಲ್ಲಿ ಒತ್ತಿ ಹಿಡಿದರೆ, ಒಳಗೆ ಹಲಗೆಯ ಮೇಲೆ ಮಂಡಿಯೂರಿ ಕೂತ ಹಿರಿಯ ದಾರ ಎಳೆಯತೊಡಗಿದ. ದಾರ ಬಂದಂತೆಲ್ಲ ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ಇಂಚಿಂಚಾಗಿ ಒಳಕ್ಕೆ ಮಗುಚಿ ಕೂತಿತು. ಸುತ್ತು ಮುಗಿದಾಗ ದಾರ ಪೂರ್ತಿ ಕೈಗೆ ಬಂದಿತ್ತು, ಗಾಜು ಗೋಡೆಯಲ್ಲಿತ್ತು. ಪೈಪಿನಿಂದ ನೀರು ಹೊಡೆಸಿ ಒಳಗೆ ಕಾಗದ ಹಿಡಿದು ನೋಡಿದರು. ಕಾಗದ ಒದ್ದೆಯಾಗಲಿಲ್ಲ. ಸೋರುವ ಕಿಟಕಿ ಇಲ್ಲದ ಕಿಟಕಿಗಿಂತ ಕೆಟ್ಟದ್ದು. ಮೊದಲ ಮಳೆಗೆ ಹಾಸಿಗೆ ನೆನೆಯುತ್ತದೆ, ಎರಡನೆಯ ಮಳೆಗಾಲಕ್ಕೆ ನೆಲದ ತಗಡು ಹೋಗುತ್ತದೆ.

ಇಷ್ಟು ಚೊಕ್ಕ ಕೆಲಸ ನೋಡಿದ ಮೇಲೂ ನನ್ನ ತಕರಾರು ಒಂದಿದೆ. ಕ್ಯಾಬಿನ್ನಿನ ಹಿಂಗೋಡೆ ಬರೀ ಮರೆಯಲ್ಲ. ಕ್ಯಾಬಿನ್ನಿನ ಬಲವನ್ನು ಅಳೆಯುವ ವಿಶ್ವಸಂಸ್ಥೆಯ 29ನೇ ನಿಯಮಾವಳಿಯಲ್ಲಿ ಹಿಂಗೋಡೆಗೇ ಒಂದು ಪರೀಕ್ಷೆ ಇದೆ: ಲಾರಿ ಹೊರುವ ಪ್ರತಿ ಟನ್ನಿಗೆ 200 ಕಿಲೋ ಭಾರದಷ್ಟು ಒತ್ತಡವನ್ನು ಅದು ತಾಳಬೇಕು. ಜಿಗಣಿಯ ಲೆಕ್ಕವನ್ನೇ ತೆಗೆದುಕೊಳ್ಳಿ. ಗ್ರಾನೈಟ್ ಒಂದು ಘನ ಮೀಟರಿಗೆ ಸುಮಾರು 2.7 ಟನ್ ತೂಗುತ್ತದೆ. ಮೂರು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ಅಷ್ಟೇ ಎತ್ತರದ ಒಂದು ದಿಮ್ಮಿ ಎಂದರೆ 18 ಟನ್. ಆ ಲೆಕ್ಕದಲ್ಲಿ ಗೋಡೆ ತಾಳಬೇಕಾದದ್ದು 3.6 ಟನ್. ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಕಟ್ಟು ಬಿಚ್ಚಿದ ಆ ಕಲ್ಲು ಮುಂದಕ್ಕೆ ನೂಕುವುದು ತನ್ನ ಅರ್ಧ ತೂಕದಷ್ಟು ಬಲದಿಂದ, ಅಂದರೆ 9 ಟನ್. ಕಿಟಕಿ ಇರಲಿ ಬಿಡಲಿ, ಕಲ್ಲನ್ನು ಹಿಡಿಯುವುದು ಚೈನು ಮತ್ತು ಹೆಡ್‌ಬೋರ್ಡ್; ಗೋಡೆ ಅಲ್ಲ. ಆದರೆ ಜಾರಿದ ಒಂದು ಪೈಪು, ಎಗರಿದ ಒಂದು ಸರಳು ಒಳಗೆ ಬರದಂತೆ ತಡೆಯುವುದು ಅದೇ ಗೋಡೆ. ಕಬ್ಬಿಣ, ಪೈಪು, ಮರದ ದಿಮ್ಮಿ ಹೊರುವ ಲಾರಿಗೆ ಹಿಂದಿನ ಗಾಜು ಬೇಕೇಬೇಕೆನ್ನುವವರು ಹೊರಗಡೆ ಗಟ್ಟಿ ಜಾಲರಿಯನ್ನೂ ಹಾಕಿಸಬೇಕು. ಹಳೆಯ ಮರದ ಕ್ಯಾಬಿನ್ನಿನವರು ಸರಳು ಹಾಕುತ್ತಿದ್ದುದು ಕಳ್ಳರಿಗೆ ಮಾತ್ರ ಹೆದರಿ ಅಲ್ಲ.

ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ನಮೂದಿಸಿದ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವುದನ್ನು ತಡೆಯುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನು ಬಿಗಿಯಾಗಿಯೇ ಓದಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ ಎಂದಿತು. ಕಿಟಕಿ ಆರ್‌ಸಿಯಲ್ಲಿ ಬರೆದಿರುವ ವಿಷಯವಲ್ಲ, ಹಾಗಾಗಿ ತೊಂದರೆಯಿಲ್ಲ ಎಂದು ಶೆಡ್ಡಿನಲ್ಲಿ ಹೇಳುತ್ತಾರೆ. ವಾಹನದ ಅರ್ಹತಾ ಪತ್ರ, ಅಂದರೆ ಎಫ್‌ಸಿಗೆ ಹೋದಾಗ ಬ್ರೇಕ್ ಇನ್‌ಸ್ಪೆಕ್ಟರ್ ಏನೆನ್ನುತ್ತಾರೆ, ಅಪಘಾತವಾದಾಗ ವಿಮೆಯವರು ಏನೆನ್ನುತ್ತಾರೆ ಎಂಬುದಕ್ಕೆ ಶೆಡ್ಡಿನವರು ಜವಾಬುದಾರರಲ್ಲ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್‌ಸಿ ಆಗಲೇಬೇಕು. ಕೊಯ್ಯುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯುವುದು ಕ್ಷೇಮ. ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವ ಯೋಚನೆ ಬೇಡವೇ ಬೇಡ. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿದೆ, ಹಿಂದಿನ ಗಾಜಿನಲ್ಲಿ ಶೇ 70ರಷ್ಟು ಬೆಳಕು ಹಾಯಬೇಕು. ನಿಂತಾಗ ಪರದೆ ಎಳೆದುಕೊಂಡರೆ ಸಾಕು, ಹೊರಡುವಾಗ ಕಟ್ಟಬೇಕು.

ಎಲ್ಲ ಲಾರಿಗೂ ಇದು ಬೇಕೇ? ಬೇಡ. ಕಂಟೇನರ್ ಲಾರಿಯವನು ಹಿಂದೆ ಕಿಟಕಿ ಕೊರೆಸಿದರೆ ಕಾಣುವುದು ಗೇಣು ದೂರದಲ್ಲಿ ಇನ್ನೊಂದು ತಗಡು. ಹಿಂದೆ ನೋಡಲು ಅವನಿಗೆ ಕ್ಯಾಮೆರಾ ಮೇಲು. ಕ್ಯಾಬಿನ್ನಿನ ಬೆನ್ನಿಗೇ ಹೊಗೆ ಕೊಳವೆ ಇರುವ ಲಾರಿಯಲ್ಲಿ ತೆರೆಯುವ ಕಿಟಕಿ ಅಪಾಯಕಾರಿ. ಇಂಜಿನ್ ಓಡುತ್ತಿರುವಾಗ ಕಾರ್ಬನ್ ಮೊನಾಕ್ಸೈಡ್ ಒಳಬಂದರೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವನು ಏಳುವುದೂ ಇಲ್ಲ. ಕ್ಯಾಬಿನ್ ಮುಂದಕ್ಕೆ ಮಗುಚುವ ಲಾರಿಗಳಲ್ಲಿ ಹಿಂಬದಿಯ ಲಾಕಿನ ಹತ್ತಿರ ಕೈ ಹಾಕಲೇಬಾರದು. ತೆರೆದ ಬಾಡಿ, ಟ್ರೇಲರ್, ಒಬ್ಬನೇ ಚಾಲಕ, ರಸ್ತೆಯಂಚಿನ ರಾತ್ರಿ, ಇಷ್ಟು ಕೂಡಿದವನಿಗೆ ಮಾತ್ರ ಆ ಕಿಟಕಿಯ ಬೆಲೆ ದೊಡ್ಡದು. ಪಕ್ಕದ ಕಿಟಕಿಯಿಂದ ಬಂದ ಗಾಳಿಗೆ ಹೊರಹೋಗಲು ದಾರಿ ಸಿಗುತ್ತದೆ. ಡೀಸೆಲ್ ಟ್ಯಾಂಕಿನ ಕಡೆ, ಟಾರ್ಪಾಲಿನ ಹಗ್ಗದ ಕಡೆ ಯಾರಾದರೂ ಸುಳಿದರೆ ಕೆಳಗಿಳಿಯದೆ ನೋಡಬಹುದು. ಶಿರಾದ ಚಾಲಕ ಸೊಳ್ಳೆ ಪರದೆಯ ಬಟ್ಟೆಯನ್ನೂ ಅಳತೆಗೆ ಹೊಲಿಸಿ ತಂದಿದ್ದ. ಗೊಟ್ಟಿಗೆರೆ ಕೆರೆಯ ದಡದಲ್ಲಿ ಸಂಜೆ ನಿಂತವರಿಗೆ ಅವನ ಮುಂದಾಲೋಚನೆ ಅರ್ಥವಾಗುತ್ತದೆ.

ಇದೆಲ್ಲ ಲಾರಿ ಬಂದ ಮೇಲೆ ಮಾಡುವ ಚಿಕಿತ್ಸೆ. ಬಾಡಿ ಕಟ್ಟುವ ಹಂತದಲ್ಲೇ ಹೇಳಿದರೆ ಚೌಕಟ್ಟಿನ ಸಮೇತ ಕಿಟಕಿ ಗೋಡೆಯೊಳಗೇ ಹುಟ್ಟುತ್ತದೆ, ಪಟ್ಟಿ ಕೊಯ್ಯುವ ಪ್ರಮೇಯವಿಲ್ಲ, ಆರ್‌ಟಿಒ ಮುಂದೆ ಕೈಕಟ್ಟಿ ನಿಲ್ಲುವ ಪ್ರಮೇಯವೂ ಇಲ್ಲ. ಟ್ರಕ್ಕಿನ ಕ್ಯಾಬಿನ್, ಬಾಡಿ, ಟ್ರೇಲರುಗಳನ್ನು ಹೇಗೆ ಕಟ್ಟಬೇಕೆಂದು ಹೇಳುವ ಎಐಎಸ್-093 ಎಂಬ ಸಂಹಿತೆಯೇ ಇದೆ. ಅದರಂತೆ ಕಟ್ಟುವವರಿಗೆ ಕಿಟಕಿಯೊಂದು ದೊಡ್ಡ ಕೆಲಸವಲ್ಲ. ಹೊಸ ಲಾರಿ ಬುಕ್ ಮಾಡುವ ಧಣಿಗಳು ಸಾಲದ ಕಂತು, ಟೈರು, ಮೈಲೇಜು ಎಲ್ಲ ವಿಚಾರಿಸುತ್ತಾರೆ. ಜೊತೆಗೆ ಒಂದು ಕೆಲಸ ಮಾಡಿ: ಶೋರೂಮಿಗೆ ಹೋಗುವಾಗ ಲಾರಿ ಓಡಿಸಲಿರುವವನನ್ನೂ ಕರೆದುಕೊಂಡು ಹೋಗಿ, ಮಧ್ಯಾಹ್ನದ ಬಿಸಿಲಿನಲ್ಲಿ ಇಂಜಿನ್ ಆರಿಸಿ, ಆ ಹಲಗೆಯ ಮೇಲೆ ಅವನನ್ನು ಅರ್ಧ ಗಂಟೆ ಮಲಗಿಸಿ. ಎದ್ದುಬಂದು ಅವನು ಹೇಳುವುದನ್ನು ಕೇಳಿ, ಆಮೇಲೆ ಮುಂಗಡ ಕೊಡಿ.